ಶಾಸನದ ಹುಚ್ಚಿನಿಂದ ಮ್ಯೂಸಿಯಂ ಕೆಲಸಕ್ಕೆ: ಕಡತ ಮಾಡಿ ತೋರಿಸೋದು ಹೇಗೆ, ತಿಳಿದವರು ಹೇಳಿ

ವೀರಗಲ್ಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ನನ್ನ ಹಳೆಯ ಪೋಸ್ಟ್‌ಗಳೆಲ್ಲ ಯಾವುದೋ ಹೊಲದ ಬದುವಿನ ಕಲ್ಲಿನ ಫೋಟೊ ಹಾಕಿ "ಎರಡನೇ ಸಾಲು ಯಾರಾದ್ರೂ ಓದಿ" ಅಂತ ಗೋಗರೆದಿದ್ದೇ. ಈ ಸಲ ಕೇಳ್ತಿರೋದು ಬೇರೆ ವಿಷಯ. ಸ್ವಲ್ಪ ಉದ್ದ ಆಗುತ್ತೆ.

ನಾನು ಬ್ಯಾಂಕ್ ಕೆಲಸದವನು, ಓದಿದ್ದು ಕಾಮರ್ಸ್. ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲು ನೋಡಿದ ಮೇಲೆ ಹಿಡಿದ ಹುಚ್ಚು ಇದು. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ನಡೆದ ಕಾಳಗ, ಆನೆಗಳ ನಡುವೆ ಬಿದ್ದು ಸತ್ತ ನಾಗತ್ತರ, ಆಮೇಲೆ ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು (ಹನ್ನೆರಡು ಹಳ್ಳಿಗಳ ಸೀಮೆ) ಕೊಟ್ಟ ಗಂಗ ದೊರೆ ಎರೆಯಪ. ಸಾವಿರ ವರ್ಷದ ಹಿಂದಿನ ಒಂದು ಬಡ್ತಿ ಆದೇಶ ಕಲ್ಲಿನ ಮೇಲೆ ಕೂತಿದೆ ಅಂತ ಗೊತ್ತಾದಾಗ ಬ್ಯಾಂಕಿನವನಿಗೆ ಖುಷಿ ಆಗದೆ ಇರುತ್ತಾ! ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾಕ್ಕೆ ಸೇರಿದೆ. ಲಿಪಿ ಕೈ ಹಿಡಿಯಿತು. ಹಿರಿಯರ ಹಿಂದೆ ಬಕೆಟ್ಟು, ನಾರಿನ ಬ್ರಷ್ಷು ಹೊತ್ತು ಪಡಿಯಚ್ಚು (ಕಲ್ಲಿನ ಅಕ್ಷರದ ಕಾಗದದ ನಕಲು) ತೆಗೆಯೋದು ಕಲಿತೆ.

ಪಡಿಯಚ್ಚು ಕಲಿತಾಗಲೇ ತಲೆ ಒಂಚೂರು ತಿರುಗಿದ್ದು. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಕೂದಲಿನ ಬ್ರಷ್ಷಲ್ಲಿ ಬಡೀತಾ ಹೋಗಬೇಕು. ಮೆಲ್ಲಗೆ ಬಡಿದರೆ ಕಾಗದ ಅಕ್ಷರದ ಕುಳಿಗೆ ಇಳಿಯಲ್ಲ, ಜೋರಾದರೆ ಹರಿಯುತ್ತೆ. ಕಾಗದ ಪೂರ್ತಿ ಒಣಗೋ ಮುಂಚೆ ಮಸಿ ಹಚ್ಚಬೇಕು. ಯಾವಾಗ ಅನ್ನೋದನ್ನ ನಮ್ಮ ಗುರುಗಳು ಬೆರಳಿನ ಹಿಂಬದಿ ತಾಗಿಸಿ ನೋಡಿ ಹೇಳ್ತಿದ್ದರು. ಅವರ ಲೇಖನಗಳನ್ನ ಎಷ್ಟು ಓದಿದ್ರೂ ಆ ಬೆರಳಿನ ವಿಷಯ ಒಂದರಲ್ಲೂ ಸಿಗಲಿಲ್ಲ.

ಅಲ್ಲಿಂದ ಒಂದು ಸಣ್ಣ ಮ್ಯೂಸಿಯಂ ಸಂಪರ್ಕ ಬಂತು. ಹೆಸರು ಬೇಡ. ಶನಿವಾರ ಭಾನುವಾರ ಹೋಗಿ ದಾಖಲೆ ಪುಸ್ತಕ ಬರೆದುಕೊಡ್ತೀನಿ. ಮುಕ್ಕಾಲು ಪಾಲು ವಸ್ತುಗಳ ಮುಂದೆ "ಹಳೆಯ ಪಾತ್ರೆ", "ಮರದ ಸಾಮಾನು" ಅಂತಷ್ಟೇ ಇದೆ. ಯಾರ ಮನೆಯದು, ಯಾವ ಊರು, ಏನು ಮಾಡ್ತಿದ್ದರು, ಏನೂ ಇಲ್ಲ. ಕೊಟ್ಟವರ ವಿಳಾಸ ಹುಡುಕಿ ಫೋನ್ ಮಾಡೋದು ಈಗ ನನ್ನ ಮುಖ್ಯ ಕೆಲಸ. ಸಂದೂಕದಂಥ ವಸ್ತುವಿಗಿಂತ ಆ ಫೋನ್ ಕರೆಗಳೇ ಹೆಚ್ಚು ರುಚಿ ಹತ್ತಿವೆ.

ಈಗ ವಿಷಯಕ್ಕೆ ಬರ್ತೀನಿ. ಅಲ್ಲಿ ಗಾಜಿನೊಳಗೆ ಒಂದು ಕಡತ ಇದೆ. ಆಫೀಸಿನ ಫೈಲಲ್ಲ, ಹಳೇ ಕಾಲದ ಕಪ್ಪು ಬಟ್ಟೆಯ ಲೆಕ್ಕದ ಪುಸ್ತಕ, ಬಟ್ಟೆಗೆ ಅಂಟು, ಇದ್ದಿಲು ಬಳಿದು ಬಳಪದಲ್ಲಿ ಬರೆಯೋದು. ಶಾಲೆ ಮಕ್ಕಳು ನೋಡಿ ಮುಂದೆ ಹೋಗ್ತಾರೆ. ಟ್ರಸ್ಟಿನವರು "ಭಾನುವಾರ ನೀವೇ ಒಂದು ಹೊಸ ಕಡತ ಮಾಡಿ, ಶಾನುಭೋಗರ (ಊರಿನ ಲೆಕ್ಕ ಬರೆಯೋರು) ವೇಷ ಹಾಕ್ಕೊಂಡು ಕೂತು ಬರೆದು ತೋರಿಸಿ, ಲಿವಿಂಗ್ ಹಿಸ್ಟರಿ ಅಂತ ಪ್ರಚಾರ ಮಾಡೋಣ" ಅಂದಿದ್ದಾರೆ. ಮಾಡಬೇಕು ಅಂತ ಆಸೆ ಇದೆ. ಕಡತಕ್ಕೆ ಅಂಟು, ಇದ್ದಿಲು ಹದ ಮಾಡಿದವರು ಇದ್ದೀರಾ? ಮತ್ತೆ ಈ ವೇಷದ ವಿಷಯ, ನಿಮಗೇನನ್ನಿಸುತ್ತೆ?

ಹಳೇ ಕ್ಯುರೇಟರ್

ಒಳ್ಳೆಯ ಕೆಲಸ. ದಾಖಲೆ ಪುಸ್ತಕ ಬರೆಯುವವರು ಸಿಗುವುದೇ ಕಷ್ಟ, ಎಲ್ಲರಿಗೂ ಪ್ರದರ್ಶನ ಬೇಕು.

ಮೊದಲು ಎಚ್ಚರಿಕೆ. ಮೂಲ ಕಡತವನ್ನು ಪ್ರಾತ್ಯಕ್ಷಿಕೆಗೆ ಹೊರತೆಗೆಯಲು ಯಾರೇ ಹೇಳಿದರೂ ಒಪ್ಪಬೇಡಿ. ಬಳಪದ ಬರಹ ಬಟ್ಟೆಯ ಮೇಲೆ ಕೂತಿರುತ್ತದೆ ಅಷ್ಟೇ, ಮಸಿಯ ಹಾಗೆ ಒಳಗೆ ಇಳಿದಿರುವುದಿಲ್ಲ. ಒದ್ದೆ ಬೆರಳು ಸಾಕು ಒಂದು ವರ್ಷದ ಕಂದಾಯ ಅಳಿಸಿಹೋಗಲು. ನೀವು ಮಾಡುವ ಹೊಸದರ ಹಲಗೆಯ ಮೇಲೆ "ಪ್ರತಿಕೃತಿ" ಎಂದೂ ಮಾಡಿದ ವರ್ಷವನ್ನೂ ಕೊರೆದುಬಿಡಿ, ಬೇರೆ ಪುಸ್ತಕದಲ್ಲಿ ನಮೂದಿಸಿ. ಐವತ್ತು ವರ್ಷದ ಮೇಲೆ ಯಾರೋ ಒಬ್ಬರು ನಿಮ್ಮ ಕಡತದ ಮೇಲೆ ಪಿಎಚ್‌ಡಿ ಮಾಡಬಾರದು ನೋಡಿ.

ಅಳತೆಗೆ ಮಾರ್ಕ್ ವಿಲ್ಕ್ಸ್ ಬರೆದದ್ದನ್ನು ನೋಡಿ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. 1810ರಲ್ಲಿ ಮೊದಲ ಸಂಪುಟ ಅಚ್ಚಾದ ತನ್ನ ಚರಿತ್ರೆಯಲ್ಲಿ ಕಡತವನ್ನು ಕಣ್ಣಾರೆ ಕಂಡಂತೆ ವರ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ, ಎರಡೂ ಬದಿಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ, ಕತ್ತರಿಸದೆ ಸಮ ಮಡಿಕೆ, ಎರಡು ತುದಿಗೆ ಬಣ್ಣ ಹಚ್ಚಿದ ಮರದ ಹಲಗೆ. ಶೃಂಗೇರಿ ಮಠದಲ್ಲಿ ಕಡತಗಳ ದೊಡ್ಡ ಸಂಗ್ರಹವೇ ಇದೆ.

ವೇಷದ ಬಗ್ಗೆ. ಟ್ರಸ್ಟಿನವರ ಮನಸ್ಸಿನಲ್ಲಿರುವ ಶಾನುಭೋಗರು ಕರೀ ಕೋಟು, ಜರಿ ಪೇಟದವರು ಅಂತ ಕಾಣುತ್ತದೆ. ಅವರು ಕಾಗದದ ಮೇಲೆ ಬರೆದವರು. ಕಡತವನ್ನು ಹತ್ತೊಂಬತ್ತನೇ ಶತಮಾನದಲ್ಲೇ ಕಾಗದ ಮೂಲೆಗೆ ತಳ್ಳಿತು. ಕಡತಕ್ಕೂ ಆ ಕೋಟಿಗೂ ಮುಖಾಮುಖಿ ಆದದ್ದೇ ಅಪರೂಪ.

ಕಡಲಬದಿ

ಬ್ಯಾಂಕಿನವರು ಮ್ಯೂಸಿಯಂ ಮಾಡುವುದು ನಮಗೆ ಹೊಸತಲ್ಲ ಮಾರಾಯ್ರೆ. ಮಣಿಪಾಲದ ವಿಜಯನಾಥ ಶೆಣೈಯವರು ಸಿಂಡಿಕೇಟ್ ಬ್ಯಾಂಕಿನಲ್ಲಿ ಇದ್ದವರೇ. ಕೆಡವಲಿಕ್ಕೆ ಹೊರಟ ಮನೆಗಳನ್ನು ಕಳಚಿ ತಂದು ಮತ್ತೆ ಕಟ್ಟಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಮಾಡಿದರು. ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್ ಎಲ್ಲ ಅಲ್ಲಿ ಉಂಟು. 2017ರಲ್ಲಿ ಅವರು ಹೋದರು, ಮನೆಗಳು ನಿಂತಿವೆ. ಬಿ.ಸಿ. ರೋಡಿನಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನೂ ಒಮ್ಮೆ ನೋಡಿ. ಅಲ್ಲಿ ಇರುವುದು ಅಡಿಗೆಮನೆ, ಗದ್ದೆ, ಕೊಟ್ಟಿಗೆಯ ಸಾಮಾನು. ಅರಮನೆಯ ವೈಭವಕ್ಕಿಂತ ಅಂಥದ್ದನ್ನು ನೋಡಲಿಕ್ಕೆ ನನಗೆ ಖುಷಿ.

ಅಂಟಿನ ವಿಷಯ: ಹುಣಸೆ ಬೀಜದ ಅಂಟು ಮಳೆಗಾಲದಲ್ಲಿ ಮಾಡಬೇಡಿ. ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ನಿಮ್ಮ ಬಯಲುಸೀಮೆಯಲ್ಲಿ ಮಾಘದ ಬಿಸಿಲು ಚಂದ. ಪುಸ್ತಕ ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಸೇರಿಸುತ್ತಾರೆ, ಹುಳ ಬರುವುದಿಲ್ಲ.

ಹಳೇ ಕ್ಯುರೇಟರ್

ಮೈಲುತುತ್ತ ಬೇಡ. ಮಕ್ಕಳು ಮುಟ್ಟುವ ವಸ್ತು, ಅದು ವಿಷ. ಹುಳ ಬಂದರೆ ಹೊಸದು ಮಾಡಿ, ಪ್ರತಿಕೃತಿಯ ಅನುಕೂಲವೇ ಅದು. ಇನ್ನೊಂದು ಮಾತು, ಎಲ್ಲ ಸ್ವಯಂಸೇವಕರಿಗೂ ಹೇಳುವುದು: ಹಳೆಯ ಹಿತ್ತಾಳೆ, ಕಂಚಿಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹಬ್ಬಕ್ಕೆ ಮನೆಯಲ್ಲಿ ತಿಕ್ಕುವುದು ಸರಿ. ಮ್ಯೂಸಿಯಂನಲ್ಲಿ ಆ ಕಂದು ಪದರವೂ ವಸ್ತುವಿನ ಭಾಗ, ಅದರ ಕೆಳಗೆ ಸವೆದ ಅಕ್ಷರಗಳಿರಬಹುದು.

ಕೂರಿಗಿ

ವೀರಗಲ್ಲು ಸರ, ನಮ್ಮದೊಂದು ಕಥಿ ಕೇಳ್ರಿ. ನಮ್ಮ ಕಡೆ ಒಂದು ಮ್ಯೂಸಿಯಂನಾಗ ಕೂರಿಗಿ, ಅಂದ್ರ ಬೀಜ ಬಿತ್ತೂ ಸಾಧನ, ನಿಲ್ಲಿಸ್ಯಾರ. ಬಟ್ಲ ಇಲ್ಲ, ಕೊಳವಿ ಇಲ್ಲ, ಬರೇ ದಿಂಡು. ಕೆಳಗ ಬೋರ್ಡಿನ್ಯಾಗ "ನೇಗಿಲು" ಅಂತ ಬರದಾರ. ನಮ್ಮವ್ವನ್ನ ಕರಕೊಂಡು ಹೋಗಿದ್ದೆ, ಆಕಿಗೆ ನಗು ತಡಿಯಾಕ ಆಗಲಿಲ್ಲ. ನಕ್ಕೋತ ನಿಂತಲ್ಲೇ ಕೈ ಮಾಡಿ ತೋರಿಸಿದಳು. ಉಡಿಯಾಗ ಬೀಜ ಕಟಗೊಂಡು, ಮುಷ್ಟಿಯಿಂದ ಬೆರಳ ಸಂದಿಗೆ ಬಿಡಬೇಕ್ರಿ, ಬಟ್ಲದಾಗಿನ ಎಲ್ಲಾ ತೂತಿಗೂ ಸಮ ಬೀಳಬೇಕು. ಎತ್ತು ಜೋರ ನಡದ್ರ ಕೈ ಜೋರ, ಎತ್ತು ತಡದ್ರ ಕೈ ತಡೀಬೇಕು. ಹಿಂದ ಹಗ್ಗಕ್ಕ ಕಟ್ಟಿದ ಒಂಟಿ ಕೊಳವಿ ಹಿಡಕೊಂಡು ಇನ್ನೊಬ್ಬಾಕಿ ಅಕ್ಕಡಿ ಸಾಲು (ನಡುವಿನ ಬ್ಯಾರೆ ಬೆಳಿ ಸಾಲು) ಬಿತ್ತತಾಳ. ಕೈ ತಪ್ಪಿತು ಅಂದ್ರ ಅದು ಹದಿನೈದು ದಿನದ ಮ್ಯಾಲೆ ಇಡೀ ಊರಿಗೆ ಕಾಣತದ, ಬೆಳಿ ಎದ್ದ ಮ್ಯಾಲೆ! "ಯಾರ ಬಿತ್ತಿದ್ದು ಇದು" ಅಂತ ಕೇಳತಿದ್ರಂತ.

ಆಕಿ ಹಂಗ ತೋರಸೂ ಮುಂದ ಅಲ್ಲಿದ್ದ ಕಾಲೇಜ್ ಹುಡುಗ್ರೆಲ್ಲ ಸುತ್ತ ನೆರದ್ರು. ಕಾವಲುಗಾರ ಬಂದು "ವಸ್ತು ಮುಟ್ಟಬ್ಯಾಡ್ರಿ ಅಮ್ಮಾ" ಅಂದ. ಮ್ಯೂಸಿಯಂನವ್ರಿಗೆ ಹೇಳಿದೆ, ಬೋರ್ಡ್ ಇನ್ನೂ ಹಂಗ ಐತಿ.

ನನಗ ಅನ್ನಸೂದು ಇಷ್ಟ ರೀ. ನೀವು ವೇಷ ಹಾಕ್ರಿ ಬಿಡ್ರಿ, ಕೆಲಸ ಬಲ್ಲವರನ್ನ ಕರಸ್ರಿ. ಅವರಿಗೆ ದಿನದ ಪಗಾರ ಕೊಡ್ರಿ. ಶಾಲು, ಹಾರ, ಪ್ರಮಾಣಪತ್ರ ಕೊಟ್ಟು ಕಳಸೂದು ಆಗಬಾರದು.

ವೀರಗಲ್ಲು

ಕೂರಿಗಿ ಅಣ್ಣ, ನಿಮ್ಮ ಅವ್ವನ ಮಾತನ್ನು ಒಂದು ವಿಡಿಯೊ ಮಾಡಿ ಇಡಿ. ಕೈ ಹತ್ತಿರದಿಂದ ಕಾಣೋ ಹಾಗೆ, ಪಕ್ಕದಿಂದ ಒಂದು, ಮೇಲಿಂದ ಒಂದು. ಬಟ್ಟಲಿಗೆ ಬೀಜ ಬೀಳೋದು ಕಾಣಬೇಕು.

ಕಡತದ ಪ್ರಯೋಗದ ವರದಿ. ಹುಣಸೆ ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ನೀರು ಹಾಕಿ ಕುದಿಸಿದೆ. ಗಂಜಿ ಹದಕ್ಕೆ ಬಂದಾಗ ಬಟ್ಟೆಯಲ್ಲಿ ಸೋಸಿದೆ. ಇದ್ದಿಲು ತೆಂಗಿನ ಚಿಪ್ಪಿನದು, ಅದನ್ನು ಅರೆದು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಒಂದು ಹರಳು ಉಳಿದರೂ ಬಳಪ ಅಲ್ಲಿ ಎಡವುತ್ತೆ. ಬಟ್ಟೆಗೆ ನಮ್ಮೂರ ಖಾದಿ ಭಂಡಾರದ ಬಿಳಿ ಕೋರಾ, ಒಗೆದು ಗಂಜಿ ಬಿಡಿಸಿದ್ದು. ಬಾಗಿಲಿನಂಥ ಚೌಕಟ್ಟಿಗೆ ಬಿಗಿದು ಎಳೆದು ಕಟ್ಟಿ ಲೇಪ ಹಚ್ಚಿದೆ. ತೆಳ್ಳಗೆ ಹಚ್ಚಿ, ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜಿ, ಮತ್ತೆ ಹಚ್ಚೋದು. ಒಂದೇ ಸಲ ದಪ್ಪಗೆ ಹಚ್ಚಿದ ತುಂಡು ಮಡಿಕೆಯಲ್ಲಿ ಅಪ್ಪಳದ ಹಾಗೆ ಸೀಳಿತು. ತೆಳು ಲೇಪದ್ದು ಬಾಗುತ್ತೆ, ಒಡೆಯಲ್ಲ. ಉಜ್ಜೋದೇ ಅರ್ಧ ಕೆಲಸ, ತೋಳು ಬಿದ್ದುಹೋಗುತ್ತೆ.

ಬಳಪಕ್ಕೆ ಅಂಗಡಿ ಬಳಪ ಸರಿ ಬರಲಿಲ್ಲ, ಗೀಚುತ್ತೆ. ಮೆದುವಾದ ಬಳಪದ ಕಲ್ಲಿನ ಚೂರನ್ನು ಒಬ್ಬ ಶಿಲ್ಪಿಗಳ ಹತ್ತಿರ ಇಸಕೊಂಡು ಅರದಿಂದ ತಿದ್ದಿ ಕಡ್ಡಿ ಮಾಡಿದೆ. ಹೊಯ್ಸಳರ ಕುಸುರಿ ಕೆಲಸಕ್ಕೆಲ್ಲ ಆಧಾರವಾದ ಕಲ್ಲು ಇದೇ ಜಾತಿಯದು ಅಂತ ಅವರೇ ಹೇಳಿ ನಕ್ಕರು, "ನೀವು ಲೆಕ್ಕ ಬರೀತೀರಿ, ಅವರು ಬೇಲೂರು ಕಟ್ಟಿದರು."

ಬರೆದು ನೋಡಿದೆ. ಕಪ್ಪಿನ ಮೇಲೆ ಬೆಳ್ಳಿ ಬಣ್ಣದ ಗೆರೆ. ಬೆಳಕನ್ನು ಓರೆ ಹಿಡಿದರೆ ಹೊಳೆಯುತ್ತೆ, ನೇರ ಬಿದ್ದರೆ ಅಕ್ಷರ ಮಾಯ. ಹಾಗಾದ್ರೆ ಗಾಜಿನೊಳಗಿನ ಕಡತದ ಮೇಲೆ ಮೇಲಿಂದ ಟ್ಯೂಬ್‌ಲೈಟ್ ಹಾಕಿದ್ದೇ ಮಕ್ಕಳಿಗೆ ಏನೂ ಕಾಣದಿರೋದಕ್ಕೆ ಕಾರಣ! ಟ್ರಸ್ಟಿನವರಿಗೆ ಹೇಳಿ ಪಕ್ಕದಿಂದ ಒಂದು ಮಂದ ದೀಪ ಹಾಕಿಸಿದೆ. ಈಗ ಸಾಲುಗಳು ಕಾಣ್ತವೆ. ಹೊಸದೊಂದು ಮಾಡಿ ನೋಡದಿದ್ದರೆ ಹಳೆಯದರ ಬಗ್ಗೆ ಇದು ನನಗೆ ಹೊಳೀತಾನೇ ಇರಲಿಲ್ಲ.

ಹಳೇ ಕ್ಯುರೇಟರ್

ಓರೆ ಬೆಳಕು ಸರಿ. ದೀಪ ಬಿಸಿಯಾಗದಂಥದ್ದು ಇರಲಿ, ಜನ ಇಲ್ಲದಾಗ ಆರಿಸಿ.

ಶಾಲೆ ಮೇಡಂ

ಏಳನೇ ತರಗತಿ ಮಕ್ಕಳನ್ನು ವರ್ಷಕ್ಕೊಮ್ಮೆ ಇಂಥ ಕಡೆ ಕರ್ಕೊಂಡು ಹೋಗೋಳು ನಾನು. ರಾಮನಗರದ ಜಾನಪದ ಲೋಕಕ್ಕೆ ಹೋದಾಗಲೂ ನೋಡಿದ್ದೀನಿ, ಎಚ್.ಎಲ್. ನಾಗೇಗೌಡರು ಅಷ್ಟು ಕಷ್ಟಪಟ್ಟು ಕೂಡಿಹಾಕಿದ್ದನ್ನ ಮಕ್ಕಳು ಓಡ್ತಾ ನೋಡ್ತಾವೆ. ನಿಲ್ಲೋದು ಎಲ್ಲಿ ಗೊತ್ತಾ? ಕೈ ಹಾಕೋಕೆ ಬಿಟ್ಟ ಕಡೆ. ಬೇರೊಂದು ಕಡೆ ರಾಗಿಕಲ್ಲು ಬೀಸೋಕೆ ಬಿಟ್ಟಿದ್ದರು, ಹುಡುಗರು ಸಾಲು ನಿಂತರು. "ನಿಮ್ಮ ಮುತ್ತಜ್ಜಿ ದಿನಾ ಕೋಳಿ ಕೂಗೋ ಹೊತ್ತಿಗೆ ಎದ್ದು ಇದನ್ನ ಮಾಡ್ತಿದ್ದರು" ಅಂತ ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಹತ್ತು ಸುತ್ತು ಬೀಸಿ ಭುಜ ಹಿಡಿದುಕೊಂಡಾಗ ಒಬ್ಬಳು "ಮಿಸ್, ಇಷ್ಟಕ್ಕೆ ಒಂದು ಮುದ್ದೆ ಆಗುತ್ತಾ" ಅಂತ ಕೇಳಿದಳು.

ಹಾಗಾಗಿ ಸರ್, ನೀವು ಬರೆದು ತೋರಿಸಬೇಡಿ. ಮಕ್ಕಳ ಕೈಗೆ ಬಳಪ ಕೊಡಿ. ಹಣ, ಹಾಗ, ವೀಸದ ಲೆಕ್ಕ ಕೊಡಿ. ಹಾಗ ಅಂದ್ರೆ ಕಾಲು ಹಣ, ವೀಸ ಅಂದ್ರೆ ಹದಿನಾರನೇ ಒಂದು ಪಾಲು. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಆಗಲ್ಲ ಅಂತ ಗೊತ್ತಾದಾಗ ಮಜಾ ಬರುತ್ತೆ. ನಮ್ಮಪ್ಪ ಕಾಲು, ಅರೆ, ಮುಕ್ಕಾಲು ಮಗ್ಗಿ ಒಂದೇ ಉಸಿರಿಗೆ ಹೇಳ್ತಿದ್ದರು. ಅಂಥ ಹಿರಿಯರು ಸಿಕ್ಕಿದರೆ ಪಕ್ಕದಲ್ಲಿ ಕೂರಿಸಿ. ಒಂದು ತಂಡಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಆಮೇಲೆ ತಿಂಡಿ ಡಬ್ಬಿ ತೆಗೀತಾರೆ.

ತೋಟಿಯ ಮೊಮ್ಮಗ

ಇಷ್ಟೂ ಓದಿದೆ. ಚೆನ್ನಾಗಿದೆ. ಒಂದು ಪ್ರಶ್ನೆ ಕೇಳಲೇಬೇಕು. ನೀವು ಶಾನುಭೋಗರ ವೇಷ ಹಾಕ್ತೀರಿ, ಸರಿ. ತೋಟಿಯ ವೇಷ ಯಾರು ಹಾಕ್ತಾರೆ?

ನಮ್ಮ ತಾತ ತೋಟಿ. ಡಂಗೂರ ಸಾರೋದು, ಬೆಳೆ ಕಾಯೋದು, ಕಂದಾಯದ ದುಡ್ಡಿನ ಜೊತೆ ತಾಲ್ಲೂಕಿಗೆ ನಡೆಯೋದು, ಸತ್ತ ದನ ಎಳೆಯೋದು. ಕರೆದಾಗ ಹೋಗಬೇಕು, ಬಿಟ್ಟಿ. ಆದರೆ ಊರಿನ ಎಲ್ಲೆ ಕಲ್ಲು ಎಲ್ಲೆಲ್ಲಿದೆ ಅಂತ ಅವರಿಗೆ ಗೊತ್ತಿದ್ದಷ್ಟು ಶಾನುಭೋಗರಿಗೂ ಗೊತ್ತಿರಲಿಲ್ಲ. ತಕರಾರು ಬಂದಾಗ ಮುಂದೆ ನಡೆದು ಗಡಿ ತೋರಿಸೋನು ತೋಟಿ, ಹಿಂದೆ ನಡೆದು ಬರೆದುಕೊಳ್ಳೋರು ಶಾನುಭೋಗರು. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1961ರದ್ದು, ಜಾರಿಗೆ ಬಂದಿದ್ದು 1963ರ ಫೆಬ್ರುವರಿ 1ಕ್ಕೆ. ಅಂದ್ರೆ ಇದು ಗಂಗರ ಕಾಲದ ಕಥೆ ಅಲ್ಲ, ನಮ್ಮಪ್ಪ ಕಂಡಿದ್ದು.

ಮ್ಯೂಸಿಯಂಗಳಲ್ಲಿ ದೊಡ್ಡಮನೆ, ತೂಗುಮಂಚ, ಪಲ್ಲಕ್ಕಿ ನೋಡಿದ್ದೀನಿ. ಆಯಗಾರರು (ಊರಿನ ಕೆಲಸಕ್ಕೆ ಬೆಳೆಯಲ್ಲಿ ಪಾಲು ಪಡೀತಿದ್ದವರು) ಅಂತ ಒಂದು ಪಟ್ಟಿ ಇರುತ್ತೆ, ಹನ್ನೆರಡು ಹೆಸರು, ಹನ್ನೆರಡು ಗೊಂಬೆ, ಎಲ್ಲರೂ ನಗ್ತಾ ಕೂತಿರ್ತಾರೆ. ಯಾರು ಯಾರ ಮನೆ ಒಳಗೆ ಹೋಗೋ ಹಾಗಿರಲಿಲ್ಲ ಅಂತ ಯಾವ ಬೋರ್ಡಲ್ಲೂ ಇರಲ್ಲ.

ಬಯಲುಸೀಮೆ

ಕಪ್ಪು ಬಟ್ಟೆ, ಹುಣಸೆ ಬೀಜದ ವಿಷಯ ಮಾತಾಡ್ತಿದ್ವಿ, ಇಲ್ಲೂ ಜಾತಿ ತರಬೇಕಾ? ಮಕ್ಕಳಿಗೆ ಖುಷಿಯಾಗಿ ಏನೋ ತೋರಿಸೋಣ ಅಂತ ಹೊರಟವರ ಉತ್ಸಾಹ ಕೆಡಿಸಬೇಡಿ.

ಶಾಲೆ ಮೇಡಂ

ಬಯಲುಸೀಮೆ ಅವರೇ, ಮಕ್ಕಳು ಕೇಳೇ ಕೇಳ್ತಾರೆ. ಪಲ್ಲಕ್ಕಿ ಮುಂದೆ ನಿಂತು "ಹೊರೋರು ಯಾರು, ಅವರಿಗೆ ಎಷ್ಟು ಕೊಡ್ತಿದ್ದರು" ಅಂತ ನಮ್ಮ ಹುಡುಗ ಒಬ್ಬ ಕೇಳಿ ಗೈಡ್ ತಡವರಿಸಿದ್ದನ್ನ ನೋಡಿದ್ದೀನಿ. ಉತ್ಸಾಹ ಕೆಡೋದು ಉತ್ತರ ಇಲ್ಲದಾಗ.

ಬಾಸ್ಟನ್ ಕನ್ನಡಿಗ

ತೋಟಿಯ ಮೊಮ್ಮಗ ಅವರ ಪ್ರಶ್ನೆಗೆ ಹತ್ತಿರದ್ದೊಂದು ಇಲ್ಲಿ ನೋಡಿದ್ದನ್ನ ಹೇಳ್ತೀನಿ. ಮಸಾಚುಸೆಟ್ಸ್‌ನಲ್ಲಿ ಪ್ಲಿಮತ್ ಅಂತ ಒಂದು ಮ್ಯೂಸಿಯಂ ಇದೆ, 1620ರಲ್ಲಿ ಹಡಗಿನಲ್ಲಿ ಬಂದಿಳಿದ ಇಂಗ್ಲಿಷರ ಹಳ್ಳಿಯನ್ನ ಮತ್ತೆ ಕಟ್ಟಿದ್ದಾರೆ. ಆ ಹಳ್ಳಿಯಲ್ಲಿ ಕೆಲಸ ಮಾಡೋರು ಪಾತ್ರವೇ ಆಗಿಬಿಡ್ತಾರೆ. ಫೋನ್ ತೋರಿಸಿದ್ರೆ "ಇದೇನು" ಅಂತ ಕೇಳ್ತಾರೆ. ಆದರೆ ಪಕ್ಕದಲ್ಲೇ ಇರೋ ವಾಂಪನೋಗ್ ಮೂಲನಿವಾಸಿಗಳ ನೆಲೆಯಲ್ಲಿ ಹಾಗಿಲ್ಲ. ಅಲ್ಲಿ ಕೆಲಸ ಮಾಡೋ ಮೂಲನಿವಾಸಿಗಳು ಪಾರಂಪರಿಕ ಉಡುಗೆ ತೊಟ್ಟಿದ್ರೂ ನಟನೆ ಮಾಡಲ್ಲ. ಇವತ್ತಿನ ಮನುಷ್ಯರಾಗಿ, "ನಮ್ಮ ಹಿರಿಯರು" ಅಂತ ಮಾತಾಡ್ತಾರೆ. ಏನು ಕಳಕೊಂಡ್ರು ಅಂತಾನೂ ಹೇಳ್ತಾರೆ. ನಾಲ್ಕು ನೂರು ವರ್ಷದ ಹಿಂದಿನವರ ಪಾತ್ರದೊಳಗೆ ಕೂತರೆ ಅದನ್ನ ಹೇಳೋಕೆ ಬರಲ್ಲವಲ್ಲ. ಮ್ಯೂಸಿಯಂ ಹೆಸರಿಗೂ 2020ರಲ್ಲಿ ಅವರ ಊರಿನ ಹೆಸರು ಸೇರಿಸಿ ಪ್ಲಿಮತ್ ಪಟಕ್ಸೆಟ್ ಅಂತ ಮಾಡಿದರು.

ಇದೇ ರಾಜ್ಯದ ಓಲ್ಡ್ ಸ್ಟರ್‌ಬ್ರಿಡ್ಜ್ ಹಳ್ಳಿಯಲ್ಲಿ ಇನ್ನೊಂದು ತರಹ. 1830ರ ಸುಮಾರಿನ ಬಟ್ಟೆ ಹಾಕಿ ಕಮ್ಮಾರ ಕೆಲಸ ಮಾಡ್ತಾ ಇರ್ತಾರೆ, ಮಾತು ಮಾತ್ರ ಈಗಿನವರದ್ದೇ, "ಅವರು ಹೀಗೆ ಮಾಡ್ತಿದ್ದರು" ಅಂತ. ವೀರಗಲ್ಲು ಸರ್‌ಗೆ ಈ ದಾರಿ ಸರಿಹೋಗಬಹುದು ಅನ್ಸುತ್ತೆ. ಪಾತ್ರಕ್ಕೆ ಇಳಿದರೆ ಶಾನುಭೋಗ ತೋಟಿಯನ್ನ ಹೇಗೆ ಕರೀತಿದ್ದ ಅನ್ನೋದನ್ನೂ ನಟಿಸಬೇಕಾಗುತ್ತೆ. ಮಾಡ್ತೀರಾ?

ವೀರಗಲ್ಲು

ಮಾಡಲ್ಲ. ವೇಷ ಬೇಡ ಅಂತ ಟ್ರಸ್ಟಿನವರಿಗೆ ಹೇಳಿದೆ. ಕಾರಣ ಮೊದಲು ಕೋಟಿನ ಕಾಲದ ತಕರಾರು ಹೇಳಿದೆ, ಆಮೇಲೆ ತೋಟಿಯದ್ದು. ಒಬ್ಬರು ಮುಖ ಗಂಟು ಹಾಕಿಕೊಂಡರು, ಫೋಟೊಗೆ ಚೆನ್ನಾಗಿರ್ತಿತ್ತು ಅಂತ. ಕೊನೆಗೆ ಒಪ್ಪಿದ್ದಾರೆ.

ತೋಟಿಯ ಮೊಮ್ಮಗ ಅವರೇ, ನೇರವಾಗಿ ಕೇಳ್ತೀನಿ, ನಿಮ್ಮ ತಂದೆಯವರು ಅಥವಾ ನೀವು ಒಂದು ಭಾನುವಾರ ಬರೋಕೆ ಆಗುತ್ತಾ? ನಟನೆಗಲ್ಲ. ಎಲ್ಲೆ ಕಲ್ಲಿನ ವಿಷಯ ಹೇಳೋಕೆ. ನಮ್ಮ ಕಡತದಲ್ಲಿ ಕೆಲವು ಜಮೀನಿನ ಚಕ್ಕುಬಂದಿ ಇದೆ, ಮೂಡಲಿಗೆ ಹುಣಸೆಮರ, ಪಡುವಲಿಗೆ ಹಳ್ಳ ಅಂತ. ಅದನ್ನ ನೆಲದ ಮೇಲೆ ನಡೆದು ನೋಡೋದು ಹೇಗೆ ಅಂತ ನನಗೆ ಗೊತ್ತಿಲ್ಲ. ಮ್ಯೂಸಿಯಂನಿಂದ ದಿನದ ಸಂಭಾವನೆ, ಪ್ರಯಾಣದ ಖರ್ಚು ಬರೆದೇ ಕೊಡಿಸ್ತೀನಿ.

ತೋಟಿಯ ಮೊಮ್ಮಗ

ಅಪ್ಪನ ಕೇಳಿ ಹೇಳ್ತೀನಿ. ಸಂಭಾವನೆ ನಿಮ್ಮ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಇರಬೇಕು. ಕುಶಲಕರ್ಮಿ ದರ, ತಜ್ಞರ ದರ ಅಂತ ಎರಡು ಮಾಡೋ ಹಾಗಿಲ್ಲ.

ಕೂರಿಗಿ

ಇದು ಖರೆ ಮಾತು. ನಮ್ಮವ್ವಂದೂ ಅದೇ ರೇಟು ಹಚ್ರಿ ಮತ್ತ.

ವೀರಗಲ್ಲು

ಮೊದಲ ಭಾನುವಾರ ಆಯ್ತು. ಚುಟುಕಾಗಿ ಹೇಳ್ತೀನಿ. ಮೇಡಂ ಹೇಳಿದ ಹಾಗೆ ಬಳಪ ಮಕ್ಕಳ ಕೈಗೆ ಕೊಟ್ಟೆ. ಮೊದಲು ಎಲ್ಲರೂ ತಮ್ಮ ತಮ್ಮ ಹೆಸರು ಬರೆದರು, ಒರೆಸಿದರು, ಮತ್ತೆ ಬರೆದರು. ಆಮೇಲೆ ಒಬ್ಬಳು, ಆರನೇ ಕ್ಲಾಸಿರಬೇಕು, "ಹೀಗೆ ಒರೆಸಬಹುದು ಅಂದ್ರೆ ಶಾನುಭೋಗರು ಲೆಕ್ಕ ಬದಲಾಯಿಸಿದ್ರೆ ಯಾರಿಗೆ ಗೊತ್ತಾಗುತ್ತೆ?" ಅಂತ ಕೇಳಿದಳು. ನನ್ನ ಬ್ಯಾಂಕ್ ಆಡಿಟ್‌ನಲ್ಲಿ ಬರೋ ಪ್ರಶ್ನೆ! ಒರೆಸಿ ಮತ್ತೆ ಬರೆಯಬಹುದು ಅಂತ ವಿಲ್ಕ್ಸ್ ಕೂಡ ಬರೆದಿದ್ದಾನೆ. ಹಾಳೆ ಕತ್ತರಿಸಿಲ್ಲ, ಹಾಗಾಗಿ ನಡುವಿನ ಪುಟ ಕಿತ್ತುಹಾಕೋಕೆ ಆಗಲ್ಲ, ಅಂಕಿ ತಿದ್ದೋಕೆ ಆಗುತ್ತೆ ಅಂತ ತೋರಿಸಿದೆ. ಅಷ್ಟರಲ್ಲಿ ತೋಟಿಯ ಮೊಮ್ಮಗ ಅವರ ತಂದೆ (ಬಂದಿದ್ದರು, ತುಂಬ ಸಂತೋಷ) ಕುರ್ಚಿಯಿಂದಲೇ "ಬರೆದಿದ್ದು ಬದಲಾಗಬಹುದು ಮಗಾ, ಕಲ್ಲು ಎಲ್ಲಿತ್ತು ಅಂತ ನಮಗೆ ಗೊತ್ತಿರ್ತಿತ್ತು. ಅದಕ್ಕೇ ನಮ್ಮನ್ನ ಕರೀತಿದ್ದರು. ಕೆಲವು ಸಲ ಅದಕ್ಕೇ ಹೊಡೀತಿದ್ದರು" ಅಂದರು. ಮಕ್ಕಳು ಆಮೇಲೆ ಅವರನ್ನ ಬಿಡಲೇ ಇಲ್ಲ.

ಅವರ ಮಾತನ್ನು ಅನುಮತಿ ಪಡೆದು ಧ್ವನಿಮುದ್ರಿಸಿ, ಕಡತದ ದಾಖಲೆ ಸಂಖ್ಯೆಯ ಜೊತೆಗೇ ಸೇರಿಸಿದ್ದೀನಿ. ಎರಡನ್ನೂ ಒಟ್ಟಿಗೆ ಇಟ್ಟರೇ ಆ ವಸ್ತುವಿನ ವಿವರ ಪೂರ್ತಿ ಅನ್ನೋದು ನನ್ನ ಅಭಿಪ್ರಾಯ. ಇನ್ನು ಮುಂದೆ ವಸ್ತು ಕೊಟ್ಟವರಿಗೆ ಮಾತ್ರ ಅಲ್ಲ, ಬಳಸಿದವರಿಗೂ ಫೋನ್ ಮಾಡೋದು.

ಅಟ್ಟದ ಪೆಟ್ಟಿಗೆ

ಹೊಸ ಸದಸ್ಯ. ಈ ಚರ್ಚೆ ಓದಿ ಅಟ್ಟ ಹತ್ತಿದೆ. ನಮ್ಮ ಮನೆಯಲ್ಲೂ ಎರಡು ಇವೆ! ಅಜ್ಜಿ ಹಳೇ ಕಪ್ಪು ಬಟ್ಟೆ ಅಂತ ಎಸೆಯೋಕೆ ಇಟ್ಟಿದ್ದರು. ಮೇಲೆಲ್ಲ ಧೂಳು, ಜಿರಲೆ ತಿಂದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಫೋಟೊ ಹಾಕ್ಲಾ?

ಹಳೇ ಕ್ಯುರೇಟರ್

ಒರೆಸಬೇಡಿ!! ಒದ್ದೆ ಬಟ್ಟೆ ಹತ್ತಿರ ತರಬೇಡಿ, ಬಾಯಿಂದ ಊದಲೂ ಬೇಡಿ, ಉಗುಳು ಹಾರುತ್ತದೆ. ಬಿಗಿದಂತಿದ್ದರೆ ಮಡಿಕೆ ಬಿಡಿಸಬೇಡಿ. ಹಾಗೇ ಶುಭ್ರವಾದ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಡೆ ಇಡಿ. ನುಸಿಗುಳಿಗೆ ಹಾಕಬೇ‌ಡಿ. ಪ್ಲಾಸ್ಟಿಕ್ ಕವರ್ ಬೇಡ.

ವೀರಗಲ್ಲು

ಮೇಲಿನ ಮಡಿಕೆ ತಾನಾಗಿ ತೆರೆದಿದ್ದರೆ ಅದೊಂದರ ಫೋಟೊ ಸಾಕು. ಕಿಟಕಿ ಪಕ್ಕ ಇಟ್ಟು, ಫ್ಲ್ಯಾಷ್ ಇಲ್ಲದೆ, ಬೆಳಕು ಎಡಗಡೆಯಿಂದ ಓರೆ ಬೀಳೋ ಹಾಗೆ ತೆಗೀರಿ. ಅಕ್ಷರ ಮೋಡಿ ಲಿಪಿ (ಮರಾಠಿಯ ಹಳೇ ಕೂಡುಬರಹ) ಆದರೆ ನನಗೆ ಓದೋಕೆ ಬರಲ್ಲ, ಕನ್ನಡವಾದರೆ ಪ್ರಯತ್ನ ಮಾಡ್ತೀನಿ.

ಮತ್ತೆ ಫೋಟೊಗಿಂತ ಮುಂಚೆ ಒಂದು ಕೆಲಸ. ಅಜ್ಜಿಯ ಹತ್ತಿರ ಕೂತು, ಇದು ಯಾರದ್ದು, ಯಾವ ಊರಿಂದ ಬಂತು, ಮನೆಯಲ್ಲಿ ಇದನ್ನ ಏನಂತ ಕರೀತಿದ್ದರು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ.

ಅಟ್ಟದ ಪೆಟ್ಟಿಗೆ

ಅಜ್ಜಿಗೆ ಕಿವಿ ಮಂದ, ಜೋರಾಗಿ ಕೇಳಬೇಕು. ಸಂಜೆ ಸೀರಿಯಲ್ ಮುಗಿದ ಮೇಲೆ ಕೇಳ್ತೀನಿ.

ಹಳೇ ಕ್ಯುರೇಟರ್

ಎಪ್ಪತ್ತೈದು ವರ್ಷ ದಾಟಿದ, ಮೌಲ್ಯವುಳ್ಳ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಫೋಟೊ ಹಾಕಿದ ತಕ್ಷಣ ಯಾರಾದರೂ ಖಾಸಗಿಯಾಗಿ ಮೆಸೇಜ್ ಮಾಡಿ ಒಳ್ಳೆ ಬೆಲೆ ಕೊಡ್ತೀನಿ ಅಂದರೆ ಉತ್ತರ ಕೊಡಬೇಡಿ, ಇಲ್ಲಿ ಹೇಳಿ. ಕೊಡುವ ಮನಸ್ಸಿದ್ದರೆ ಮ್ಯೂಸಿಯಂಗೆ ಕೊಡಿ, ರಸೀದಿಯಲ್ಲಿ ಅಜ್ಜಿಯ ಹೆಸರು ಬರೆಸಿಕೊಳ್ಳಿ.